ಹಿತ್ತಲಿಗೆ ಬೇಲಿಯಿದೆ, ಗಾಳಿಗಿಲ್ಲ

ನನ್ನ ಹಿತ್ತಲಿನಲ್ಲಿ ಏನು ಬೆಳೆಯಬೇಕು ಎಂಬುದು ನನ್ನೊಬ್ಬಳ ವಿಷಯವೇ? ಮಲ್ಲಿಗೆ ಬಳ್ಳಿಯಾದರೆ ಹೌದು ಎನ್ನುತ್ತೇನೆ. ಟೊಮ್ಯಾಟೊ, ಆಲೂಗಡ್ಡೆಯ ಮಟ್ಟಿಗೆ ಅಷ್ಟು ಸುಲಭವಾಗಿ ಹೇಳಲಾರೆ. ಅದಕ್ಕೆ ಕಾರಣ ಅಂಗಮಾರಿ ರೋಗ.

ನಾನಿರುವುದು ಹಿರೇಕೆರೂರು ತಾಲ್ಲೂಕಿನ ಅಬಲೂರಿನಲ್ಲಿ. ಹಾವೇರಿ ಜಿಲ್ಲೆಯ ಈ ಸೀಮೆಯಲ್ಲಿ ಅನೇಕ ಕುಟುಂಬಗಳು ಬೀಜದ ಕಂಪನಿಗಳಿಗಾಗಿ ತರಕಾರಿಯ ಹೈಬ್ರಿಡ್ ಬೀಜ ಮಾಡಿಕೊಡುತ್ತವೆ. ಹೆಣ್ಣುಮಕ್ಕಳು ಟೊಮ್ಯಾಟೊ ಮೊಗ್ಗನ್ನು ಬಿಡಿಸಿ, ಕೇಸರಗಳನ್ನು ಕಿತ್ತು, ಇನ್ನೊಂದು ತಳಿಯ ಪರಾಗವನ್ನು ಮುಟ್ಟಿಸುತ್ತಾರೆ. ಒಂದೊಂದು ಹೂವಿಗೂ ಕೈ ತಾಗಬೇಕು. ಸುತ್ತ ಕಟ್ಟಿದ ಬಲೆ ಬಿಳಿನೊಣವನ್ನು ತಡೆದೀತು. ಕಣ್ಣಿಗೆ ಕಾಣದ ರೋಗದ ಬೀಜಾಣುವನ್ನು ತಡೆಯದು.

ಮೋಡ, ತಂಪು, ಜಿಟಿಜಿಟಿ ಮಳೆ, ಎಲೆಯ ಮೇಲೆ ಆರದ ನೀರು ಇದ್ದರೆ ಕೊನೆ ಅಂಗಮಾರಿ ಕೆಲವೇ ದಿನಗಳಲ್ಲಿ ಗಿಡವನ್ನು ಸುಟ್ಟಂತೆ ಮಾಡುತ್ತದೆ. ಎಲೆಯಡಿಯ ಬಿಳಿ ಬೂಷ್ಟಿನಿಂದ ಬೀಜಾಣುಗಳು ಗಾಳಿಗೆ ಏರುತ್ತವೆ. 1845ರಲ್ಲಿ ಐರ್ಲೆಂಡಿನ ಆಲೂಗಡ್ಡೆಯನ್ನು ಹಾಳುಮಾಡಿ, ಮುಂದಿನ ವರ್ಷಗಳಲ್ಲಿ ಸುಮಾರು ಹತ್ತು ಲಕ್ಷ ಜನರ ಸಾವಿಗೆ ದಾರಿಯಾದದ್ದು ಇದೇ ರೋಗ. ನನ್ನ ಹಿತ್ತಲಿನ ನಾಲ್ಕು ಗಿಡ ಸತ್ತರೆ ನನಗೆ ಸಾರಿನ ಹುಳಿ ಹೋದೀತು. ಪಕ್ಕದವರ ಪ್ಲಾಟಿಗೆ ತಗುಲಿದರೆ ಅವರ ವರ್ಷದ ದುಡಿಮೆಯೇ ಹೋಗುತ್ತದೆ.

ಹಾಗಾದರೆ ರೋಗ ತಡೆಯುವ ತಳಿಯನ್ನೇ ಹಾಕಬೇಕಲ್ಲವೇ? ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ‘ಅರ್ಕಾ ರಕ್ಷಕ್’ ಎಲೆಮುರುಟು, ದುಂಡಾಣು ಸೊರಗು ಮತ್ತು ಮುಂಚಿನ ಅಂಗಮಾರಿಯನ್ನು ತಾಳಿಕೊಳ್ಳುತ್ತದೆ. ‘ಅರ್ಕಾ ಅಭೇದ್’ ಇವುಗಳ ಜೊತೆಗೆ ಕೊನೆ ಅಂಗಮಾರಿಯನ್ನೂ ತಾಳುತ್ತದೆ. ಎರಡೂ ಹೈಬ್ರಿಡ್. ಬೀಜ ಎತ್ತಿಟ್ಟು ಮರಳಿ ಬಿತ್ತಿದರೆ ಗುಣಗಳು ಚದುರಿಹೋಗುತ್ತವೆ. ಬೀಜ ಇಟ್ಟುಕೊಳ್ಳುವ, ಹಂಚಿಕೊಳ್ಳುವ ಹಕ್ಕನ್ನು 2001ರ ಸಸ್ಯ ತಳಿ ಮತ್ತು ರೈತರ ಹಕ್ಕುಗಳ ಕಾಯ್ದೆ ರೈತರಿಗೆ ಕೊಟ್ಟಿದೆ. ಹೈಬ್ರಿಡ್ ವಿಷಯದಲ್ಲಿ ಆ ಹಕ್ಕು ಕೈಯಲ್ಲಿದ್ದೂ ಉಪಯೋಗಕ್ಕೆ ಬಾರದು.

ಇನ್ನೊಂದು ಕಡೆ ಜವಾರಿ ಟೊಮ್ಯಾಟೊ ಇದೆ. ತೆಳು ಸಿಪ್ಪೆ, ಒಳ್ಳೆಯ ಹುಳಿ, ಬೂದಿಯಲ್ಲಿ ಒಣಗಿಸಿ ವರ್ಷವರ್ಷ ಎತ್ತಿಟ್ಟ ಬೀಜ. ಅದು ಅಂಗಮಾರಿಗೆ ಬೇಗ ಬೀಳುತ್ತದೆ. ಎಲ್ಲರೂ ಅದನ್ನು ಬಿಟ್ಟರೆ ತಳಿಯೇ ಅಳಿಯುತ್ತದೆ. ನೆರೆಯವರಿಗೆ ನನ್ನ ಋಣವಿದ್ದಂತೆ ಬೀಜ ಉಳಿಸಿಕೊಟ್ಟ ಹಿರಿಯರಿಗೂ ಇದೆ. ‘ಕಂಪನಿಯ ಬೀಜಕ್ಕಾಗಿ ನಮ್ಮ ಬೀಜ ಯಾಕೆ ಬಿಡಬೇಕು?’ ಎಂಬ ಮಾತಿನಲ್ಲಿ ಹುರುಳಿದೆ. ಆದರೆ ಬೆಳೆ ಹೋದಾಗ ಸಾಲ ಉಳಿಯುವುದು ಕಂಪನಿಯ ಮೇಲಲ್ಲ, ಬೇಲಿಯಾಚೆಯ ಮನೆಯ ಮೇಲೆ.

ತಾಳಿಕೆಯ ತಳಿ ಹಾಕಿದರೆ ಜವಾಬ್ದಾರಿ ಮುಗಿಯಿತು ಎಂದೂ ಅಲ್ಲ. 1968ರಲ್ಲಿ ಬಿಡುಗಡೆಯಾದ ‘ಕುಫ್ರಿ ಜ್ಯೋತಿ’ ಆಲೂಗಡ್ಡೆ ಕೊನೆ ಅಂಗಮಾರಿಯನ್ನು ತಾಳುವ ತಳಿಯೆಂದೇ ಹೆಸರಾಗಿತ್ತು. ಹಾಸನದ ರೈತರು ಅದನ್ನು ದಶಕಗಳ ಕಾಲ ಬೆಳೆದರು. ರೋಗಾಣು ಬದಲಾಗುತ್ತ ಹೋಯಿತು, ತಳಿಯ ತಾಳಿಕೆ ಕುಂದಿತು. ಇಂದಿನ ತಳಿಗಳಿಗೂ ಇದು ಆಗಬಹುದು. ರೋಗ ಬಿದ್ದ ಗಿಡಗಳನ್ನು ಹಾಗೆಯೇ ಬಿಟ್ಟಷ್ಟೂ ರೋಗಾಣುವಿಗೆ ಬದಲಾಗಲು ಅವಕಾಶ ಹೆಚ್ಚು.

ಆದ್ದರಿಂದ ನಾನು ಕಾಲ ನೋಡಿ ಬೆಳೆ ಹಂಚಿಕೊಂಡಿದ್ದೇನೆ. ಮಳೆಗಾಲಕ್ಕೆ ತಾಳಿಕೆಯ ತಳಿ, ಒಣಹವೆಯ ದಿನಗಳಿಗೆ ಜವಾರಿ. ಆಲೂಗಡ್ಡೆ ಅಗೆದ ಮೇಲೆ ಮಣ್ಣಿನಲ್ಲಿ ಗೆಡ್ಡೆ ಬಿಡುವುದಿಲ್ಲ. ರೋಗ ಅದರಲ್ಲಿ ಉಳಿಯುತ್ತದೆ. ಅಕಾಲದ ಮಳೆ ಬಂದು ಜವಾರಿ ಗಿಡದಲ್ಲಿ ಕಪ್ಪು ಮಚ್ಚೆ ಹರಡಿದರೆ ಕಾಯಿ ತುಂಬಿದ್ದರೂ ಕೀಳಬೇಕು. ತಿಪ್ಪೆಗೆ ಎಸೆಯದೆ ಆಳವಾಗಿ ಹೂಳಬೇಕು.

ಕೀಳಲು ಮನಸ್ಸು ಬಾರದಿರುವುದು ಬೀಜ ನನ್ನೊಬ್ಬಳ ಬಳಿಯೇ ಇದ್ದಾಗ. ಅದೇ ಬೀಜ ಊರಿನ ನಾಲ್ಕು ಮನೆಗಳ ಡಬ್ಬಿಯಲ್ಲಿದ್ದರೆ, ನನ್ನ ಗಿಡ ಹೋದರೂ ತಳಿ ಹೋಗುವುದಿಲ್ಲ. ಹಂಚಿದವರಿಗೆ ಮಾತ್ರ ನೆರೆಯವರಿಗಾಗಿ ಕಿತ್ತುಹಾಕುವ ಸ್ವಾತಂತ್ರ್ಯವಿದೆ. ಈ ವರ್ಷ ಬೀಜ ಒಣಗಿದೊಡನೆ ಮೊದಲ ಪೊಟ್ಟಣ ಬೇಲಿಯಾಚೆಯ ಮನೆಗೆ ಕೊಡಬೇಕೆಂದಿದ್ದೇನೆ.