ಅನೇಕಾಂತವೂ ನಿಯಂತ್ರಕ ಕೋಶವೂ

ಪುತ್ತಿಗೆಯಲ್ಲಿ ಅರಸುತನ ನಡೆಸಿದ ಚೌಟರು ಜೈನರಾಗಿದ್ದೂ ಸೋಮನಾಥನನ್ನು ಕುಲದೈವವೆಂದು ಆರಾಧಿಸಿದರು. ಅಲ್ಲಿಗೆ ಅನತಿದೂರದ ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಧವಲಾದಿ ಗ್ರಂಥಗಳ ತಾಳೆಯೋಲೆಗಳು ಶತಮಾನಗಳ ಕಾಲ ಸುರಕ್ಷಿತವಾಗಿದ್ದವು. ಇಂಥ ನೆಲದಲ್ಲಿ ಅನೇಕಾಂತವು ಬಹುಪರಿಚಿತವಾದ ತತ್ತ್ವ. ಅತಿಪರಿಚಯದಿಂದಲೇ ಅದು ಎಲ್ಲರ ಮಾತೂ ಸರಿಯೆಂಬ ಸೌಜನ್ಯದ ಮಟ್ಟಕ್ಕೆ ಇಳಿದಿರುವುದೂ ಉಂಟು. ಜೈನ ತಾರ್ಕಿಕರ ಅಭಿಪ್ರಾಯ ಅಷ್ಟು ಸಡಿಲವಾದುದಲ್ಲ. ವಸ್ತುವು ಅನಂತಧರ್ಮಾತ್ಮಕವಾಗಿರುವುದರಿಂದ, ಅದನ್ನು ಕುರಿತು ಅಸ್ತಿಯೆಂದೋ ನಾಸ್ತಿಯೆಂದೋ ನುಡಿಯಹೊರಟವನು ಯಾವ ದ್ರವ್ಯ, ಯಾವ ಕ್ಷೇತ್ರ, ಯಾವ ಕಾಲ, ಯಾವ ಭಾವದ ಅಪೇಕ್ಷೆಯಿಂದ ನುಡಿಯುತ್ತಿರುವೆನೆಂಬುದನ್ನು ಮೊದಲು ಗೊತ್ತುಪಡಿಸಿಕೊಳ್ಳತಕ್ಕದ್ದು. ಗೊತ್ತುಪಡಿಸಿದ ಬಳಿಕ ಆ ನುಡಿ ನಿಶ್ಚಿತವಾದುದು, ಸಂಶಯಕ್ಕೆ ಅಲ್ಲಿ ಎಡೆಯಿಲ್ಲ.

ಈ ನಿಯಮದ ಬಿಗಿಯನ್ನು ಮನಗಾಣಿಸಲು ಕರುಳಿನ ಕ್ಯಾನ್ಸರಿಗಿಂತ ಉತ್ತಮವಾದ ನಿದರ್ಶನ ನನಗೆ ತೋರದು. ದೊಡ್ಡ ಕರುಳಿನ ಒಳಪೊರೆಯ ಮೇಲ್ಪದರ ಒಂದೇ ಜೀವಕೋಶದಷ್ಟು ದಪ್ಪ. ಆಚೆ ಕೋಟ್ಯನುಕೋಟಿ ಬ್ಯಾಕ್ಟೀರಿಯಗಳು, ಈಚೆ ರೋಗರಕ್ಷಕ ಕೋಶಗಳ ಪಡೆ. ಉಂಡ ಅನ್ನಕ್ಕೂ ನಿರುಪದ್ರವಿಯಾದ ಸೂಕ್ಷ್ಮಜೀವಿಗೂ ಈ ಪಡೆ ಕೆರಳದಂತೆ ಅದನ್ನು ಶಮನಗೊಳಿಸುವ ಕೋಶಗಳು ಅದರ ನಡುವೆಯೇ ನೆಲಸಿವೆ. 1995ರಲ್ಲಿ ಜಪಾನಿನ ಶಿಮೊನ್ ಸಕಗುಚಿಯವರು ಗುರುತಿಸಿಕೊಟ್ಟ ಈ ನಿಯಂತ್ರಕ ಟಿ-ಕೋಶಗಳಿಗೆ ಫಾಕ್ಸ್‌ಪಿ3 ಎಂಬ ಪ್ರೋಟೀನು ಲಕ್ಷಣವೆನಿಸಿದೆ. 2025ರ ವೈದ್ಯಕೀಯ ನೊಬೆಲ್ ಪ್ರಶಸ್ತಿ ಅವರಿಗೂ ಫಾಕ್ಸ್‌ಪಿ3 ಜೀನನ್ನು ಕಂಡುಹಿಡಿದ ಮೇರಿ ಬ್ರಂಕೋ, ಫ್ರೆಡ್ ರಾಮ್ಸ್‌ಡೆಲ್ ಅವರಿಗೂ ಸಂದಿತು.

ಈ ನಿಯಂತ್ರಕ ಕೋಶಗಳು ಹಿತಕಾರಿಗಳೋ ಅಹಿತಕಾರಿಗಳೋ? ಬಹುಕಾಲ ಆರದ ಕರುಳುರಿಯೂತ ಅರ್ಬುದಕ್ಕೆ ಎಡೆಗೊಡುವುದರಿಂದ, ಉರಿಯನ್ನು ತಣಿಸುವ ಕೋಶ ಆ ಕಾಲದಲ್ಲಿ ಹಿತಕಾರಿ. ಗಡ್ಡೆ ಬೇರೂರಿದ ಮೇಲಾದರೋ, ಗಡ್ಡೆಯ ಮೇಲೆ ಎರಗಬೇಕಾದವುಗಳ ಕೈಯನ್ನು ಅದೇ ಶಮನಶಕ್ತಿ ಕಟ್ಟಿಹಾಕುತ್ತದೆ. ಹಲವು ಅಂಗಗಳ ಅರ್ಬುದದಲ್ಲಿ ಇವು ಹೆಚ್ಚಿದಷ್ಟೂ ರೋಗಿಗೆ ಕೇಡೆಂದು ಕಂಡುಬಂದಿತ್ತು. ಆದರೆ ದೊಡ್ಡ ಕರುಳಿನ ಗಡ್ಡೆಯನ್ನು ತೆಳ್ಳಗೆ ಕೊಯ್ದು, ಗಾಜಿನ ಮೇಲಿರಿಸಿ, ಬಣ್ಣ ಹಾಯಿಸಿ, ಫಾಕ್ಸ್‌ಪಿ3 ಉಳ್ಳ ಕೋಶಕೇಂದ್ರಗಳನ್ನು ಕಂದುಚುಕ್ಕೆಗಳಾಗಿ ಎಣಿಸಿದಾಗ, ಚುಕ್ಕೆ ಹೆಚ್ಚಿದ್ದವರೇ ಹೆಚ್ಚು ಕಾಲ ಬದುಕಿದುದು ಹಲವು ಅಧ್ಯಯನಗಳಲ್ಲಿ ತಿಳಿದುಬಂದಿತು. 2016ರಲ್ಲಿ ಸಕಗುಚಿಯವರ ಬಳಗ ಈ ಗಂಟನ್ನು ಬಿಡಿಸಿತು: ಫಾಕ್ಸ್‌ಪಿ3 ಹೇರಳವಾಗಿರುವ ಕೋಶಗಳು ನಿಜವಾದ ಶಮನಕಾರಿಗಳು, ಅಲ್ಪವಾಗಿರುವವು ಶಮನಮಾಡದೆ ಉರಿಯೂತದ ರಸಗಳನ್ನು ಸ್ರವಿಸುತ್ತವೆ, ಅವು ಹೆಚ್ಚಿರುವ ಗಡ್ಡೆಯುಳ್ಳ ರೋಗಿಯ ಗತಿ ಮೇಲು.

ಹೀಗೆ ತಾರ್ಕಿಕರ ನಾಲ್ಕು ಅಪೇಕ್ಷೆಗಳೂ ಪ್ರಯೋಗಶಾಲೆಯ ಪ್ರಶ್ನೆಗಳಾಗಿ ನಿಂತಿವೆ: ಕೋಶ ಯಾವ ಬಗೆಯದು, ಅದಿರುವುದು ಗಡ್ಡೆಯಲ್ಲೋ ಸ್ವಸ್ಥವಾದ ಒಳಪೊರೆಯಲ್ಲೋ, ರೋಗದ ಹಂತ ಯಾವುದು, ಅದು ಸ್ರವಿಸುತ್ತಿರುವ ರಸ ಯಾವುದು. ಚಿಕಿತ್ಸೆಯಲ್ಲಿ ಕ್ಷೇತ್ರದ ಪ್ರಶ್ನೆಯೇ ಅತಿ ಕಠಿನ. ಶಮನದ ಹಿಡಿತವನ್ನು ಸಡಿಲಿಸಲು ಸಿಟಿಎಲ್‌ಎ-4 ಎಂಬ ಅಣುವನ್ನು ತಡೆಯುವ ಔಷಧವನ್ನಿತ್ತಾಗ, ಗಡ್ಡೆ ಬೇರೆಲ್ಲೋ ಇದ್ದರೂ ಕೆಲವರ ಆರೋಗ್ಯವಂತ ಕರುಳೇ ಉರಿಯೂತಕ್ಕೆ ತುತ್ತಾಗುತ್ತದೆ.