ಪಟದಲ್ಲಿಲ್ಲದವನು

ಪಟ ತೆಗೆಯುವುದರಲ್ಲಿ ನುರಿತವನು ಬರೆಯಲು ಏಕೆ ತೊಡಗುತ್ತಾನೆ? ಮೇಲುನೋಟಕ್ಕೆ ಇದೊಂದು ಪ್ರಶ್ನೆಯೇ ಅಲ್ಲವೆಂದು ತೋರಬಹುದು. ಕುಂಬಾರನಿಗೆ ಮಗ್ಗದ ಮೇಲೆ ಮನಸ್ಸಾದರೆ ಅದನ್ನು ಹವ್ಯಾಸವೆಂದು ಕರೆದು ನಾವು ಸುಮ್ಮನಾಗುತ್ತೇವೆ. ಆದರೆ ಛಾಯಾಗ್ರಾಹಕರ ವಿಷಯ ಅಷ್ಟಕ್ಕೆ ಮುಗಿಯುವುದಿಲ್ಲ. ಅವರಲ್ಲಿ ಹಲವರು, ಹೆಸರೂ ಮನ್ನಣೆಯೂ ಪಟಗಳಿಂದಲೇ ದೊರೆತ ಮೇಲೆ, ಬೇರಾವ ಒತ್ತಾಯವೂ ಇಲ್ಲದೆ ಲೇಖನಿಯನ್ನು ಹಿಡಿದಿದ್ದಾರೆ. ಕಣ್ಣಿಗೆ ದಕ್ಕಿದ್ದು ಮನಸ್ಸಿಗೆ ಸಾಲದೆ ಹೋದುದರ ಗುರುತು ಇದೆಂದು ನಮಗೆ ತೋರುತ್ತದೆ. ಹಾಗಿದ್ದರೆ ಇದು ಅಭಿರುಚಿಯ ಮಾತಲ್ಲ, ಧರ್ಮದ ಮಾತು. ನೋಡಿದವನು ನೋಡಿದ್ದಕ್ಕೆ ಎಷ್ಟರಮಟ್ಟಿಗೆ ಹೊಣೆ ಎಂಬ ಮಾತು.

ನಮ್ಮ ನುಡಿಯವರಲ್ಲಿಯೇ ಇದಕ್ಕೆ ಒಳ್ಳೆಯ ನಿದರ್ಶನ ಟಿ. ಎಸ್. ಸತ್ಯನ್ ಅವರದು. ಅವರು 1923ರಲ್ಲಿ ಮೈಸೂರಿನಲ್ಲಿ ಹುಟ್ಟಿದವರು. 'ಡೆಕ್ಕನ್ ಹೆರಾಲ್ಡ್' ಪತ್ರಿಕೆಯ ಆರಂಭದ ದಿನಗಳಲ್ಲಿ ಅಲ್ಲಿ ಛಾಯಾಗ್ರಾಹಕರಾಗಿ ದುಡಿದು, ಅನಂತರ ದೇಶವಿದೇಶಗಳ ಪತ್ರಿಕೆಗಳಿಗೆ ಚಿತ್ರಗಳನ್ನು ಒದಗಿಸಿದವರು. ಸಿಡುಬನ್ನು ನಾಡಿನಿಂದ ಅಟ್ಟುವ ಕೆಲಸ ನಡೆದಾಗ ವಿಶ್ವ ಆರೋಗ್ಯ ಸಂಸ್ಥೆಗಾಗಿ ಕ್ಯಾಮೆರಾ ಹೊತ್ತು ಹಳ್ಳಿಗಳನ್ನು ಅಲೆದರು. 1977ರಲ್ಲಿ ಪದ್ಮಶ್ರೀ ಬಂದಿತು. 1979 ಅಂತರರಾಷ್ಟ್ರೀಯ ಮಕ್ಕಳ ವರ್ಷವಾಗಿದ್ದಿತು. ಅವರು ತೆಗೆದ ಮಕ್ಕಳ ಚಿತ್ರಗಳು ಆ ವರ್ಷ ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕೇಂದ್ರದಲ್ಲಿ ಪ್ರದರ್ಶನಗೊಂಡವು. ಪಟ ತೆಗೆಯುವವನಿಗೆ ಇದಕ್ಕಿಂತ ಹೆಚ್ಚಿನ ಸಾರ್ಥಕ್ಯ ಯಾವುದು? ಆದರೂ ಎಂಬತ್ತು ದಾಟಿದ ಮೇಲೆ, 2005ರಲ್ಲಿ, 'ಅಲೈವ್ ಅಂಡ್ ಕ್ಲಿಕಿಂಗ್' ಎಂಬ ಆತ್ಮಕಥನವನ್ನು ಇಂಗ್ಲಿಷಿನಲ್ಲಿ ಹೊರತಂದರು. ಅದರಿಂದಲೂ ತೃಪ್ತಿಯಾಗದೆಯೋ ಏನೋ, ಕನ್ನಡದಲ್ಲಿ 'ಕಾಲಕ್ಕೆ ಕನ್ನಡಿ'ಯನ್ನು ಬರೆದರು. 2009ರ ಡಿಸೆಂಬರಿನಲ್ಲಿ ಮೈಸೂರಿನಲ್ಲಿಯೇ ತೀರಿಕೊಂಡರು. ಆರು ದಶಕಗಳ ಚಿತ್ರಗಳು ಕಪಾಟಿನಲ್ಲಿದ್ದಾಗ ಬರೆಯಲು ಇನ್ನೇನು ಉಳಿದಿತ್ತು? ಆ ಕನ್ನಡ ಹೆಸರು ಒಂದು ಸೂಚನೆಯನ್ನು ಕೊಡುತ್ತದೆ. ಕ್ಯಾಮೆರಾದ ಹಿಂದೆ ನಿಂತವನಿಗೆ ಎದುರಿನವರ ಮುಖ ಮಾತ್ರ ಕಾಣುತ್ತದೆ. ಕನ್ನಡಿಯನ್ನು ಹಿಡಿದವನಿಗೆ ತನ್ನ ಮುಖವೂ ಕಾಣುತ್ತದೆ.

ಯಾವ ಪಟವನ್ನಾದರೂ ತೆಗೆದುಕೊಳ್ಳಿರಿ. ಮದುವೆಯ ಪಟದಲ್ಲಿ ಬೀಗರಿರುತ್ತಾರೆ, ಪುರೋಹಿತರಿರುತ್ತಾರೆ, ಕರೆಯದೆ ಬಂದು ಅಂಚಿನಲ್ಲಿ ನಿಂತ ಹುಡುಗನೂ ಇರುತ್ತಾನೆ. ತೆಗೆದವನು ಮಾತ್ರ ಇರುವುದಿಲ್ಲ. ಭಾಷೆಯಲ್ಲಿ ಇದು ಸಾಧ್ಯವಿಲ್ಲ, ನಮ್ಮ ಭಾಷೆಯಲ್ಲಂತೂ ಬಹು ಕಷ್ಟ. 'ತೆಗೆದೆನು' ಎಂದಾಗ 'ನಾನು' ಎಂಬ ಪದವನ್ನು ಬಿಟ್ಟರೂ ಆಖ್ಯಾತ ಪ್ರತ್ಯಯ ಬಿಡುವುದಿಲ್ಲ; ಕ್ರಿಯಾಪದದ ಬಾಲದಲ್ಲಿ ಉತ್ತಮ ಪುರುಷ ಕುಳಿತೇ ಇರುತ್ತಾನೆ. ವ್ಯಾಕರಣದ ತರಗತಿಯಲ್ಲಿ ನಮ್ಮ ಮಕ್ಕಳು ಬಾಯಿಪಾಠ ಮಾಡುವ ಆ ಪ್ರತ್ಯಯಗಳಲ್ಲಿ ಇಷ್ಟು ನೀತಿ ಅಡಗಿದೆ: ಕೆಲಸ ಹೇಳಿದೆಯಾ, ಮಾಡಿದವನನ್ನೂ ಹೇಳು. ಇದರಿಂದ ನುಣುಚಿಕೊಳ್ಳಬೇಕೆಂದವರು ಕರ್ಮಣಿ ಪ್ರಯೋಗದ ಮೊರೆಹೋಗುತ್ತಾರೆ. 'ಅರ್ಜಿಯನ್ನು ತಿರಸ್ಕರಿಸಲಾಗಿದೆ' ಎಂಬ ಕಚೇರಿಯ ಕಾಗದದಲ್ಲಿ ತಿರಸ್ಕರಿಸಿದ ಮಹಾನುಭಾವನು ಎಲ್ಲಿಯೂ ಸಿಕ್ಕುವುದಿಲ್ಲ. ಪಟವೆಂಬುದು ಸ್ವಭಾವದಿಂದಲೇ ಇಂಥ ವಾಕ್ಯ. ತೆಗೆಯಲಾಯಿತು, ಯಾರು, ಏಕೆ, ಕೇಳಿಯೋ ಕೇಳದೆಯೋ, ಎಂಬುದಕ್ಕೆ ಅಲ್ಲಿ ಜಾಗವಿಲ್ಲ.

ಜಾಗವಿಲ್ಲದ್ದರಿಂದ ಕೇಡಿಲ್ಲವೆಂದು ಹೇಳುವವರುಂಟು. ಹೂವಿನ ಪಟಕ್ಕೆ, ಹಕ್ಕಿಯ ಪಟಕ್ಕೆ ಆ ಮಾತು ಸಲ್ಲಬಹುದು. ಎದುರಿಗಿರುವುದು ಇನ್ನೊಬ್ಬರ ಸಂಕಟವಾದಾಗ ಸಲ್ಲುವುದಿಲ್ಲ. 1993ರಲ್ಲಿ ದಕ್ಷಿಣ ಆಫ್ರಿಕದ ಕೆವಿನ್ ಕಾರ್ಟರ್ ಎಂಬಾತ ಸುಡಾನಿನ ಬರಗಾಲದಲ್ಲಿ ಒಂದು ಪಟ ತೆಗೆದನು. ಹಸಿವಿನಿಂದ ಕುಸಿದ ಮಗು, ಅದರ ಹಿಂದೆ ಕಾದು ಕುಳಿತ ರಣಹದ್ದು. ಮರುವರ್ಷ ಆ ಪಟಕ್ಕೆ ಪುಲಿಟ್ಜರ್ ಪ್ರಶಸ್ತಿ ಬಂದಿತು. ಆದರೆ ಜಗತ್ತು ಅವನನ್ನು ಕೇಳಿದ್ದು ಒಂದೇ ಪ್ರಶ್ನೆ: ಆಮೇಲೆ ಮಗುವಿಗೆ ನೀನು ಏನು ಮಾಡಿದೆ? ಹದ್ದನ್ನು ಓಡಿಸಿದೆನೆಂದು ಆತ ಹೇಳಿದನು. ಪಟ ಅದಕ್ಕೆ ಸಾಕ್ಷಿ ಹೇಳಲಾರದು. ಪ್ರಶಸ್ತಿ ಬಂದ ಕೆಲವೇ ತಿಂಗಳಲ್ಲಿ, ಹಲವು ದುಃಖಗಳ ನಡುವೆ, ಆತ ತನ್ನ ಜೀವವನ್ನು ತಾನೇ ಕಳೆದುಕೊಂಡನು. ಆತನ ಗೆಳೆಯರಾದ ಗ್ರೆಗ್ ಮರಿನೋವಿಚ್, ಜುವಾವ್ ಸಿಲ್ವ ಇಬ್ಬರೂ ಛಾಯಾಗ್ರಾಹಕರೇ. ಅವರು ಕೂಡಿ 2000ದಲ್ಲಿ 'ದಿ ಬ್ಯಾಂಗ್ ಬ್ಯಾಂಗ್ ಕ್ಲಬ್' ಎಂಬ ಪುಸ್ತಕವನ್ನು ಬರೆದರು. ಬೀದಿಗಳಲ್ಲಿ ಜನ ಜನರನ್ನು ಕೊಲ್ಲುತ್ತಿದ್ದಾಗ ಪಟ ತೆಗೆಯುತ್ತ ನಿಂತವರ ಕಥೆ ಅದು. ಸಾವಿರ ಪಟಗಳನ್ನು ತೆಗೆದವರಿಗೆ ಪಟದ ಈಚೆಗಿನದನ್ನು ಹೇಳಲು ಅಕ್ಷರವೇ ಬೇಕಾಯಿತು.

ಹಾಗೆಂದು ಬರೆದ ಮಾತ್ರಕ್ಕೆ ಋಣ ಹರಿಯಿತೆಂದು ನಾವು ಹೇಳೆವು. 1936ರಲ್ಲಿ ಅಮೆರಿಕದ ಡೊರೊಥಿಯ ಲ್ಯಾಂಗ್ ಎಂಬಾಕೆ ಕ್ಯಾಲಿಫೋರ್ನಿಯದ ಬಟಾಣಿ ಹೊಲದ ಕೂಲಿಗಳ ಬೀಡಿನಲ್ಲಿ ಒಬ್ಬ ತಾಯಿಯ ಪಟ ತೆಗೆದರು. ಮುಖದ ಮೇಲೆ ಕೈ, ಹೆಗಲಿಗೆ ಒರಗಿದ ಎರಡು ಮಕ್ಕಳು. ಆ ದೇಶದ ಬಡತನಕ್ಕೇ ಅದು ಮುಖವಾಯಿತು. ತೆಗೆದಾಕೆ ಆ ತಾಯಿಯ ಹೆಸರನ್ನು ಕೇಳಲಿಲ್ಲ. ಇಪ್ಪತ್ತನಾಲ್ಕು ವರ್ಷಗಳಾದ ಮೇಲೆ, 1960ರಲ್ಲಿ, ಲ್ಯಾಂಗ್ ಆ ಗಳಿಗೆಯನ್ನು ನೆನೆದು ಬರೆದರು. ಊಟಕ್ಕಾಗಿ ಆ ಕುಟುಂಬ ಕಾರಿನ ಟೈರುಗಳನ್ನು ಮಾರಿಕೊಂಡಿತ್ತೆಂದು ಅದರಲ್ಲಿತ್ತು. 1978ರಲ್ಲಿ ಆ ತಾಯಿ ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಎಂದು ಲೋಕಕ್ಕೆ ತಿಳಿದಾಗ, ಆಕೆ ಆ ಪಟದಿಂದ ತನಗೆ ಬಂದದ್ದು ಏನೂ ಇಲ್ಲವೆಂದು ನೊಂದುಕೊಂಡರು. ಟೈರು ಮಾರಿದ ಮಾತು ನಿಜವಲ್ಲವೆಂದು ಮನೆಯವರು ಹೇಳಿದರು. ಇಲ್ಲಿ ಪಟ ಸುಳ್ಳಾಡಲಿಲ್ಲ, ಬರಹ ತಪ್ಪಿತು. ಆದರೂ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಬರಹ ತಪ್ಪಿದ್ದರಿಂದಲೇ ಅದನ್ನು ಅಲ್ಲಗಳೆಯುವುದು ಸಾಧ್ಯವಾಯಿತು. ಪಟಕ್ಕೆ 'ಹಾಗಲ್ಲ' ಎಂದು ಉತ್ತರ ಕೊಡುವುದು ಹೇಗೆ? ಬರೆದವನು ತನ್ನನ್ನು ಪ್ರಶ್ನೆಗೆ ಒಡ್ಡಿಕೊಳ್ಳುತ್ತಾನೆ. ಪಟ ತೆಗೆದವನು ಬರವಣಿಗೆಯಲ್ಲಿ ಅರಸುವ ಸಮತೋಲ ನೆಮ್ಮದಿಯಲ್ಲ. ಈ ಒಡ್ಡಿಕೊಳ್ಳುವಿಕೆಯೇ ಇರಬೇಕು. ತಕ್ಕಡಿಯ ಒಂದು ತಟ್ಟೆಯಲ್ಲಿ ಪರರ ಮುಖಗಳೇ ತುಂಬಿದಾಗ ಇನ್ನೊಂದರಲ್ಲಿ ತಾನು ಕೂರಬೇಕಾಗುತ್ತದೆ.

ದೂರದ ಮಾತು ಸಾಕು, ನಮ್ಮ ನೆರೆಯಲ್ಲೇ ನೋಡೋಣ. ಹಿಂದೂಪುರದಿಂದ ಲೇಪಾಕ್ಷಿ ಸುಮಾರು 15 ಕಿಲೋಮೀಟರು. ಅಚ್ಯುತರಾಯನ ಕಾಲದಲ್ಲಿ, ಎಂದರೆ 1530ರ ಆಚೀಚೆ, ವಿರುಪಣ್ಣ ವೀರಣ್ಣ ಸೋದರರು ಕಟ್ಟಿಸಿದ ವೀರಭದ್ರ ದೇವಾಲಯಕ್ಕೆ ನಮ್ಮ ಶಾಲೆಗಳ ಮಕ್ಕಳು ಪ್ರವಾಸ ಹೋಗದ ವರ್ಷವಿಲ್ಲ. ಅಲ್ಲಿಯ ಛಾವಣಿಯಲ್ಲಿ ಆ ಸೋದರರೇ ಎತ್ತರದ ಟೊಪ್ಪಿಗೆ ತೊಟ್ಟು, ಪರಿವಾರದೊಡನೆ ದೇವರ ಮುಂದೆ ನಿಂತಿದ್ದಾರೆ. ಅದು ಆ ಕಾಲದ ಪಟ. ಅದೇ ಗುಡಿಯ ಗೋಡೆಗಳ ಮೇಲೆ ಕನ್ನಡ ಶಾಸನಗಳಿವೆ; ಯಾವ ಅರಸನ ಆಳಿಕೆಯಲ್ಲಿ, ಯಾರು, ಯಾವ ಊರನ್ನು ದೇವರಿಗೆ ಬಿಟ್ಟರೆಂಬ ಲೆಕ್ಕ ಅಲ್ಲಿದೆ. ಮೂರನೆಯದಾಗಿ ಜನರ ಬಾಯಿಯಲ್ಲೊಂದು ಕಥೆ ಇದೆ. ಬೊಕ್ಕಸದ ಹಣವನ್ನು ಅಪ್ಪಣೆಯಿಲ್ಲದೆ ಗುಡಿಗೆ ಸುರಿದನೆಂಬ ಅಪವಾದ ಬಂದಾಗ ವಿರುಪಣ್ಣನು ತನ್ನ ಕಣ್ಣುಗಳನ್ನು ತಾನೇ ಕಿತ್ತು ಗೋಡೆಗೆ ಎಸೆದನಂತೆ. ಮುಗಿಯದೆ ಉಳಿದ ಕಲ್ಯಾಣ ಮಂಟಪದ ಬಳಿ ಆ ಕೆಂಪು ಕಲೆಗಳನ್ನು ಈಗಲೂ ತೋರಿಸುತ್ತಾರೆ. ಕಥೆ ಚರಿತ್ರೆಯೇ ಅಲ್ಲವೇ ಎಂಬುದು ಬೇರೆ ಮಾತು. ಛಾವಣಿಯ ಚಿತ್ರದಲ್ಲಿ ಅವನ ಕಣ್ಣು ಅಗಲವಾಗಿ ತೆರೆದೇ ಇದೆ. ಅವನ ಮೇಲಿದ್ದ ಲೆಕ್ಕದ ಭಾರ ಆ ಚಿತ್ರಕ್ಕೆ ತಿಳಿಯದು. ಬಣ್ಣ ಹಚ್ಚಿದ ಕೈ ಯಾರದೆಂಬುದನ್ನೂ ಚಿತ್ರ ಹೇಳುವುದಿಲ್ಲ.

ಕಲ್ಯಾಣದುರ್ಗದಿಂದ ಪಡುವಣಕ್ಕೆ ಹೊರಟು ಗಡಿ ದಾಟಿದರೆ ಮೊಳಕಾಲ್ಮೂರು ಸೀಮೆ. ಅಲ್ಲಿಯ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವಿದೆ. ಚಕ್ರವರ್ತಿಯ ಮಾತು ಮುಗಿದ ಮೇಲೆ, ಇದನ್ನು ಬರೆದವನು ಚಪಡನೆಂಬ ಲಿಪಿಕಾರನೆಂದು ಕೊನೆಯಲ್ಲಿ ಕೊರೆದಿದೆ; 'ಲಿಪಿಕಾರ' ಎಂಬ ಪದವಂತೂ ವಾಯವ್ಯ ಭಾರತದ ಖರೋಷ್ಠಿ ಲಿಪಿಯಲ್ಲಿದೆ. ಅರಸನ ಆಜ್ಞೆಯಲ್ಲಿ ಅವನ ಹೆಸರಿಗೆ ಅಗತ್ಯವೇನಿರಲಿಲ್ಲ. ಆದರೂ ಎರಡು ಸಾವಿರ ವರ್ಷಗಳಿಗೂ ಹಿಂದೆ, ಹುಟ್ಟಿದೂರಿನಿಂದ ಬಹುಶಃ ಬಹುದೂರ ಬಂದಿದ್ದ ಆ ನೌಕರನಿಗೆ, ಈ ಕೆಲಸ ನನ್ನದು ಎಂದು ಹೇಳಬೇಕೆನಿಸಿತು. ಅನಂತರದ ನಮ್ಮ ಕನ್ನಡ ಶಾಸನಗಳೂ ಬರೆದವನ ಹೆಸರನ್ನು ಕೊನೆಯಲ್ಲಿ ಎಷ್ಟೋ ಸಲ ಹೇಳುತ್ತವೆ. ಇದನ್ನು ಕೇವಲ ಕೀರ್ತಿಯ ಆಸೆ ಎನ್ನಲು ನಮಗೆ ಮನಸ್ಸು ಬಾರದು. ತಪ್ಪಿದ್ದರೆ ನನ್ನನ್ನು ಕೇಳಿ ಎಂಬ ಧ್ವನಿಯೂ ಅದರಲ್ಲಿದೆ.

ನಮ್ಮದು ಮಳೆ ಕೈಕೊಡುವ ಸೀಮೆ. ಕಡಲೆಕಾಯಿ ಬೆಳೆ ಒಣಗಿದ ವರ್ಷ ನಗರಗಳಿಂದ ಛಾಯಾಗ್ರಾಹಕರು ಬರುತ್ತಾರೆ. ಬಿರುಕುಬಿಟ್ಟ ಕೆರೆಯಂಗಳ, ಅದರ ನಡುವೆ ಹಣೆಗೆ ಕೈಹಚ್ಚಿ ಮುಗಿಲು ನೋಡುವ ಮುದುಕ. ಈ ಪಟವನ್ನು ವಾಚಕರು ಎಷ್ಟು ಸಲ ನೋಡಿಲ್ಲ? ಆ ಮುದುಕ ತಾನಾಗಿ ಮುಗಿಲು ನೋಡಿದನೋ, 'ತಾತಾ, ಸ್ವಲ್ಪ ಮೇಲೆ ನೋಡು' ಎಂದು ಯಾರಾದರೂ ಹೇಳಿದರೋ, ಪಟದಿಂದ ತಿಳಿಯುವಂತಿಲ್ಲ. ಬರೆಯಲು ಕುಳಿತವನಿಗೆ ಮಾತ್ರ ಆ ವಾಕ್ಯವನ್ನು ಬರೆಯುವುದೋ ಬಿಡುವುದೋ ಎಂಬ ಇಕ್ಕಟ್ಟು ಎದುರಾಗುತ್ತದೆ. ಬಿಟ್ಟರೆ ಬಿಟ್ಟೆನೆಂದು ಅವನಿಗಾದರೂ ಗೊತ್ತಿರುತ್ತದೆ.

ಇನ್ನು ನಮ್ಮ ಊರುಗಳಿಗೇ ವಿಶೇಷವಾದ ಒಂದು ತೊಡಕು ಇದೆ. ಪಟಕ್ಕೆ ಭಾಷೆ ಬೇಡ. ಹಿಂದೂಪುರದ ಬೆಲ್ಲ ಹುಣಿಸೆಹಣ್ಣುಗಳ ಪೇಟೆಯಲ್ಲಿ ಸ್ಟುಡಿಯೋ ನಡೆಸುವವನು ತೆಲುಗರ ಮದುವೆಗೂ ಕನ್ನಡಿಗರ ನಾಮಕರಣಕ್ಕೂ ಮುಸಲ್ಮಾನರ ನಿಕಾಹಕ್ಕೂ ಒಂದೇ ಕ್ಯಾಮೆರಾ ಒಯ್ಯುತ್ತಾನೆ. 1953ರ ಅಕ್ಟೋಬರಿನಲ್ಲಿ ಆಂಧ್ರ ರಾಜ್ಯವಾದಾಗ ಈ ಸೀಮೆ ಅದರಲ್ಲಿ ಸೇರಿತು. 2022ರ ಜಿಲ್ಲಾ ವಿಂಗಡಣೆಯಲ್ಲಿ ಹಿಂದೂಪುರ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಗಿ ಕಲ್ಯಾಣದುರ್ಗ ಅನಂತಪುರದಲ್ಲಿಯೇ ಉಳಿಯಿತು. ಇದಾವುದೂ ಪಟಕ್ಕೆ ತಟ್ಟುವುದಿಲ್ಲ. ಆದರೆ ಆ ಸ್ಟುಡಿಯೋದವನು ಒಂದು ರಾತ್ರಿ ಕಾಗದ ತೆಗೆದು ಕುಳಿತನೆನ್ನೋಣ. ಮೊದಲನೆಯ ಅಕ್ಷರಕ್ಕೇ ಪ್ರಶ್ನೆ ಏಳುತ್ತದೆ: ಯಾವ ನುಡಿಯಲ್ಲಿ? ಗಿರಾಕಿಗಳೊಡನೆ ಆಡುವ ತೆಲುಗಿನಲ್ಲೋ, ತಾಯಿಯೊಡನೆ ಆಡುವ ಕನ್ನಡದಲ್ಲೋ? ತೆಲುಗಿನಲ್ಲಿ ಬರೆದರೆ ಊರೆಲ್ಲ ಓದೀತು. ಕನ್ನಡದಲ್ಲಿ ಬರೆದರೆ ಓದುವವರು ಕೆಲವರೇ. ಆದರೆ ತಾಯಿ ಗದರಿಸಿದ ಮಾತು ಗದರಿಸಿದಂತೆಯೇ ಬಂದೀತು. ಯಾವುದು ಸರಿಯೆಂದು ನಾವು ಅಪ್ಪಣೆ ಕೊಡಲಾರೆವು. ಯಾರನ್ನು ನೆನೆದು ಬರೆಯುತ್ತೇನೆಂದು ನಿಶ್ಚಯಿಸದೆ ಒಂದು ಸಾಲೂ ಮುಂದೆ ಹೋಗದು, ಅಷ್ಟೆ. ಸತ್ಯನ್ ಅವರಿಗೆ ಎರಡು ನುಡಿಗಳು ಬೇಕಾದುದನ್ನು ಇಲ್ಲಿ ನೆನೆಯಬಹುದು.

ಹಿಂದೆ ಪಟಗಳಿಗೆ ಬೆನ್ನು ಎಂಬುದೊಂದಿತ್ತು. ಕಟ್ಟು ಬಿಚ್ಚಿ ಹಳೆಯ ಪಟವನ್ನು ತಿರುಗಿಸಿದರೆ ಸೀಸದಕಡ್ಡಿಯಲ್ಲಿ ಬರೆದ ಎರಡು ಸಾಲು ಕಾಣುತ್ತಿದ್ದವು: ಯಾರು, ಯಾವ ಊರು, ಯಾವ ಹಬ್ಬದ ದಿನ, ಕೆಲವು ಕಡೆ 'ಈ ಮಗು ಈಗ ಇಲ್ಲ' ಎಂದೂ ಇರುತ್ತಿತ್ತು. ಈಗ ನಮ್ಮ ಶಾಲೆಯ ಮಕ್ಕಳ ಮನೆಮನೆಯಲ್ಲಿ ಮೊಬೈಲು ಇದೆ. ಲೇಪಾಕ್ಷಿಯ ನಂದಿಯ ಮುಂದೆ ಒಂದು ತರಗತಿ ನಿಂತರೆ ನೂರು ಪಟಗಳಾಗುತ್ತವೆ. ದಿನಾಂಕವನ್ನೂ ಗಳಿಗೆಯನ್ನೂ ಯಂತ್ರವೇ ಬರೆದುಕೊಳ್ಳುತ್ತದೆ. ಬೆನ್ನು ಮಾತ್ರ ಇಲ್ಲ. ಉಪಾಧ್ಯಾಯರು ಮನಸ್ಸು ಮಾಡಿದರೆ ಪ್ರವಾಸದ ಮರುದಿನ ಪ್ರಬಂಧದ ಅವಧಿಯಲ್ಲಿ ಒಂದು ಕೆಲಸ ಕೊಡಬಹುದು. ತೆಗೆದ ನೂರರಲ್ಲಿ ಒಂದೇ ಪಟವನ್ನು ಆರಿಸಲಿ. ಅದರಲ್ಲಿ ಕಾಣದಿರುವುದನ್ನು ಮಾತ್ರ ಒಂದು ಪುಟ ಬರೆಯಲಿ: ಪಟ ತೆಗೆದವರು ಯಾರು, ಆಗ ಏನು ಹೇಳಿ ನಿಲ್ಲಿಸಿದರು, ಯಾರು ನಿಲ್ಲಲೊಲ್ಲೆನೆಂದು ದೂರ ಹೋದರು, ಅವರನ್ನು ಯಾರಾದರೂ ಕರೆದರೋ ಇಲ್ಲವೋ.