ಅಡಿಕೆಗೆ ಕಟ್ಟಿದ ಹಗ್ಗ

ಮಲೆನಾಡಿನ ಅಡಿಕೆ ತೋಟದಲ್ಲಿ ಕೊಯ್ಲು ನಡೆಯುವುದನ್ನು ಕಾಣದ ಬಯಲುಸೀಮೆಯ ಓದುಗರಿಗೆ ಅದರ ಕ್ರಮವನ್ನು ಮೊದಲು ಹೇಳಬೇಕು. ಅಡಿಕೆಯ ಗೊನೆಯನ್ನು ನಮ್ಮ ಕಡೆ ‘ಕೊನೆ’ ಎನ್ನುತ್ತಾರೆ. ಮರವೇರಿ ಅದನ್ನು ಇಳಿಸುವವನು ‘ಕೊನೆಗೌಡ’. ಎರಡು ಪಾದಗಳನ್ನು ಜೋಡಿಸಿ ಹಿಡಿಯುವ ಹಗ್ಗದ ಬಳೆಯೊಂದನ್ನು ಕಾಲಿಗೆ ಸಿಕ್ಕಿಸಿಕೊಂಡು, ಸೊಂಟಕ್ಕೆ ಕತ್ತಿ ಸಿಕ್ಕಿಸಿ, ಐವತ್ತು ಅರುವತ್ತು ಅಡಿ ಎತ್ತರದ, ರೆಂಬೆಯಿಲ್ಲದ, ತೊಡೆಯಷ್ಟೂ ದಪ್ಪವಿಲ್ಲದ ಮರವನ್ನು ಅವನು ನೋಡನೋಡುತ್ತಿದ್ದಂತೆ ಏರಿಬಿಡುತ್ತಾನೆ. ಅವನ ಜೊತೆಗೆ ಉದ್ದನೆಯ ಹಗ್ಗವೊಂದು ಮೇಲೇರುತ್ತದೆ. ಅದರ ಒಂದು ತುದಿ ಮರದ ತಲೆಯಲ್ಲಿ, ಇನ್ನೊಂದು ತುದಿ ಕೆಳಗೆ ದೂರದಲ್ಲಿ ನಿಂತವನ ಕೈಯಲ್ಲಿ. ಕೊಯ್ದ ಕೊನೆ ಆ ಹಗ್ಗದ ಗುಂಟ ಸರ್ರನೆ ಜಾರಿ ಕೆಳಗಿನವನ ಕೈಸೇರುತ್ತದೆ. ನೇರವಾಗಿ ನೆಲಕ್ಕೆ ಬಿದ್ದರೆ ಅಡಿಕೆ ಉದುರಿ ಕಾಲುವೆಯ ಪಾಲಾದೀತು, ಪೆಟ್ಟು ತಿಂದೀತು. ಆ ಭಯಕ್ಕಾಗಿ ಈ ಏರ್ಪಾಡು. ಒಂದು ಮರ ಮುಗಿದರೆ ಕೊನೆಗೌಡ ಕೆಳಗಿಳಿಯುವುದಿಲ್ಲ. ಕುಳಿತ ಮರವನ್ನೇ ಉಯ್ಯಾಲೆಯಂತೆ ತೂಗಿ, ಪಕ್ಕದ ಮರವನ್ನು ಹಿಡಿದೆಳೆದು ಅದಕ್ಕೆ ದಾಟುತ್ತಾನೆ.

ಹುಡುಗನಾಗಿದ್ದಾಗ ಈ ದೃಶ್ಯವನ್ನು ಕತ್ತೆತ್ತಿ ನೋಡುತ್ತಿದ್ದ ನಾನು ಒಮ್ಮೆ ಅಜ್ಜನನ್ನು ಕೇಳಿದೆ: “ಕೊನೆಗೆ ಹಗ್ಗ ಉಂಟಲ್ಲ, ಅವನಿಗೆ ಯಾಕೆ ಇಲ್ಲ?” ಅಜ್ಜ ಹಾಸ್ಯಗಾರ. “ಅವನಿಗೆ ಕೈ ಉಂಟು, ಅಡಿಕೆಗೆ ಕೈ ಉಂಟೇನೋ?” ಎಂದ. ಕೆಳಗಿದ್ದವರೆಲ್ಲ ನಕ್ಕರು, ಮೇಲಿದ್ದವನೂ ನಕ್ಕ. ನಾನೂ ನಕ್ಕೆ. ಉತ್ತರ ಚೆನ್ನಾಗಿಯೇ ಇತ್ತು. ಆದರೆ ಚೆನ್ನಾಗಿರುವ ಉತ್ತರ ಸರಿಯಾದ ಉತ್ತರವಾಗಿರಲೇಬೇಕೆಂದಿಲ್ಲ ಎಂದು ತಿಳಿಯಲು ನನಗೆ ಬಹಳ ವರ್ಷ ಬೇಕಾಯಿತು.

ಅದು ತಿಳಿದದ್ದು ಒಂದು ಆಷಾಢದಲ್ಲಿ. ಕೊಯ್ಲಿಗಿಂತಲೂ ಅಪಾಯದ ಕೆಲಸ ಔಷಧಿ ಹೊಡೆಯುವುದು. ಮಳೆ ಹೊಳವಾಗುವುದನ್ನೇ ಕಾದು ಮರವೇರಬೇಕು. ಆಗ ಮರದ ಮೈಮೇಲೆಲ್ಲ ಪಾಚಿ, ಗಾಳಿ ಯಾವ ಗಳಿಗೆಯಲ್ಲಿ ಬೀಸೀತೋ ಹೇಳುವಂತಿಲ್ಲ. ಹೀಗೆ ಏರಿದ ಅದೇ ಕೊನೆಗೌಡ, ಇಪ್ಪತ್ತೈದು ವರ್ಷ ನಮ್ಮ ತೋಟದ ಒಂದೊಂದು ಮರದ ಗುಣವನ್ನೂ ಬಲ್ಲವನು, ಒಂದು ಮಧ್ಯಾಹ್ನ ಜಾರಿದ. ಐವತ್ತು ಅಡಿಯಿಂದ ಬೀಳುವ ದೇಹ ನೆಲ ಮುಟ್ಟಲು ಎರಡು ಸೆಕೆಂಡು ಸಹ ಬೇಡ. ಮುಟ್ಟುವಾಗ ಅದರ ವೇಗ ಗಂಟೆಗೆ 60 ಕಿಲೋಮೀಟರಿನಷ್ಟು. ಅಜ್ಜ ಹೇಳಿದ ಆ ಎರಡು ಕೈಗಳು ಅಷ್ಟರಲ್ಲಿ ಏನು ಮಾಡಿಯಾವು? ಕೆಸರು ಗದ್ದೆಯಂತಿದ್ದ ತೋಟದ ಮಣ್ಣು ಅವನ ಜೀವ ಉಳಿಸಿತು, ಸೊಂಟ ಉಳಿಯಲಿಲ್ಲ. ಆಮೇಲೆ ಹನ್ನೊಂದು ವರ್ಷ ಅವನು ತನ್ನ ಮನೆಯ ಜಗಲಿಯ ಮೇಲೆ ಬುಟ್ಟಿ ಹೆಣೆಯುತ್ತ ಕುಳಿತ.

ನಮ್ಮ ಮನೆಯವರು ಕೆಟ್ಟವರಲ್ಲ. ಆಸ್ಪತ್ರೆಗೆ ಸಾಗಿಸಿದರು, ಖರ್ಚು ಕೊಟ್ಟರು, ಹಬ್ಬಕ್ಕೆ ಅಕ್ಕಿ ಕಳಿಸಿದರು. ಊರಿನಲ್ಲಿ ಅದಕ್ಕಾಗಿ ನಮಗೆ ಒಳ್ಳೆಯ ಹೆಸರೇ ಬಂತು. ಬಿದ್ದದ್ದರ ವಿಷಯ ಬಂದಾಗ ಮಾತ್ರ ಎಲ್ಲರದೂ ಒಂದೇ ಮಾತು: “ಅವನ ಹಣೆಬರಹ.” ಈ ಎರಡನ್ನೂ, ಅಂದರೆ ನಮ್ಮ ದಯೆಯನ್ನೂ ಅವನ ಹಣೆಬರಹವನ್ನೂ, ಒಟ್ಟಿಗೆ ಇಟ್ಟು ನೋಡಿದಾಗ ನನಗೆ ಒಂದು ಸಂಶಯ ಹುಟ್ಟಿತು. ಬಿದ್ದ ಮೇಲೆ ತೋರುವ ದಯೆ, ಬೀಳುವ ಮೊದಲು ಮಾಡಬೇಕಾಗಿದ್ದ ಕರ್ತವ್ಯದ ಬದಲಿಗೆ ಸಲ್ಲುತ್ತದೆಯೇ? ನಮ್ಮ ಲಾಭಕ್ಕಾಗಿ ಇನ್ನೊಬ್ಬನು ಪ್ರಾಣವನ್ನು ಒಡ್ಡುವಾಗ ಅವನಿಗೆ ನಾವು ಕೊಡಬೇಕಾದದ್ದು ಕೂಲಿ ಮಾತ್ರವೇ?

ಹಣೆಬರಹದ ಮಾತನ್ನು ಮೊದಲು ನೋಡೋಣ. ನಾವು ನಿಜವಾಗಿ ದೈವವನ್ನು ನಂಬಿ ಕೈಕಟ್ಟಿ ಕುಳಿತ ಜನವೇ? ಕೊಳೆರೋಗ ಬಂದು ಅಡಿಕೆ ಉದುರಿದಾಗ ಅದನ್ನು ಅಡಿಕೆಯ ಹಣೆಬರಹವೆಂದು ಯಾವ ತೋಟಿಗನೂ ಬಿಡಲಿಲ್ಲ. ಮಳೆ ತಾಗದಂತೆ ಕೊನೆಕೊನೆಗೂ ಕೊಟ್ಟೆ ಕಟ್ಟಿಸಿದ. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಆ ರೋಗವನ್ನು ಅಭ್ಯಾಸ ಮಾಡಿ ಬೋರ್ಡೋ ದ್ರಾವಣದ ದಾರಿ ತೋರಿದ ಮೇಲೆ, ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಎಂಬ ಲೆಕ್ಕ ನಮ್ಮ ಮಕ್ಕಳಿಗೂ ಬಾಯಿಪಾಠವಾಯಿತು. ಅಡಿಕೆಯ ಹಣೆಬರಹವನ್ನು ಅಳಿಸಲು ನಾವು ಇಷ್ಟೆಲ್ಲ ಮಾಡಿದೆವು. ಆ ಔಷಧಿಯನ್ನು ಹೊತ್ತು ಮರವೇರುವವನ ವಿಷಯ ಬಂದಾಗ ಮಾತ್ರ ನಮಗೆ ವೇದಾಂತ ನೆನಪಾಗುತ್ತದೆ. ತನ್ನ ಕಷ್ಟದಲ್ಲಿ ಮನುಷ್ಯ ತಾನೇ ಹೇಳಿಕೊಂಡರೆ ವೇದಾಂತ ಸಮಾಧಾನ ಕೊಟ್ಟೀತು; ಇನ್ನೊಬ್ಬನ ಕಷ್ಟಕ್ಕೆ ನಾವು ಅದನ್ನು ಹೇಳಿದರೆ ಅದು ಬರಿಯ ಜಾರಿಕೆಯ ಮಾತು.

ಎರಡನೆಯ ಮಾತು ಇದಕ್ಕಿಂತ ಗಟ್ಟಿಯಾದದ್ದು. “ನಾವು ಕೊಟ್ಟರೂ ಅವನೇ ಬೇಡ ಎನ್ನುತ್ತಾನೆ.” ಇದು ಸುಳ್ಳಲ್ಲ. ತೋಟ ನನ್ನ ಕೈಗೆ ಬಂದ ಮೇಲೆ ನಾನು ಪೇಟೆಯಿಂದ ಒಂದು ಸುರಕ್ಷಾ ಪಟ್ಟಿಯನ್ನು ತಂದೆ. ಬಿದ್ದವನ ಮಗನೇ ಆಗ ನಮ್ಮ ಕೊನೆಗೌಡ. ಅವನು ಅದನ್ನು ತಿರುಗಿಸಿ ಮುರುಗಿಸಿ ನೋಡಿ, “ಇದನ್ನ ಕಟ್ಕಂಡು ಹತ್ತಿದ್ರೆ ಮರವೇ ನಗ್ತದೆ, ಒಡೆಯಾ” ಎಂದು ಗೂಟಕ್ಕೆ ತೂಗುಹಾಕಿದ. ಆ ವರ್ಷವಿಡೀ ಅದು ಅಲ್ಲೇ ತೂಗಿತು. ನನ್ನ ಕರ್ತವ್ಯ ಮುಗಿಯಿತೆಂದು ನಾನು ನೆಮ್ಮದಿಯಿಂದಿದ್ದೆ. ಸ್ವತಂತ್ರನಾದ ಮನುಷ್ಯ, ತನ್ನ ಕಸಬನ್ನು ಬಲ್ಲವನು, ಬೇಡವೆಂದರೆ ಒತ್ತಾಯಿಸಲು ನಾನು ಯಾರು?

ಒಂದು ಸಂಜೆ ಲೆಕ್ಕದ ಪುಸ್ತಕ ತೆರೆದಾಗ ಆ ನೆಮ್ಮದಿ ಹೋಯಿತು. ಅವನಿಗೆ ನಾನು ಕೊಡುತ್ತಿದ್ದುದು ಕೊನೆಗೆ ಇಷ್ಟು ಎಂಬ ಲೆಕ್ಕದಲ್ಲಿ. ಪಟ್ಟಿ ಕಟ್ಟಿದರೆ ಮರದಿಂದ ಮರಕ್ಕೆ ದಾಟುವಂತಿಲ್ಲ. ಪ್ರತಿ ಮರವನ್ನೂ ಇಳಿದು, ಕುಣಿಕೆ ಬಿಚ್ಚಿ, ಮುಂದಿನ ಮರಕ್ಕೆ ಕಟ್ಟಿ, ಮತ್ತೆ ಏರಬೇಕು. ದಿನದ ಕೊನೆಗಳ ಸಂಖ್ಯೆ ಅರ್ಧಕ್ಕೆ ಇಳಿಯುತ್ತದೆ. ಎಂದರೆ, ಪಟ್ಟಿಯನ್ನು ಕೊಂಡವನು ನಾನಾದರೂ ಅದರ ಬೆಲೆಯನ್ನು ದಿನದಿನವೂ ತೆರಬೇಕಾದವನು ಅವನು. ಅರ್ಧ ಕೂಲಿಯನ್ನು ಬಿಡು, ಇಲ್ಲವೇ ಪ್ರಾಣದ ಆಸೆಯನ್ನು ಬಿಡು ಎಂದು ಅವನ ಮುಂದೆ ಇಟ್ಟು, ಅವನು ಆರಿಸಿಕೊಂಡದ್ದನ್ನು ‘ಸ್ವಾತಂತ್ರ್ಯ’ ಎಂದು ನಾನು ಕರೆದಿದ್ದೆ. ಅವನ ನಗುವಿನಲ್ಲಿ ಗರ್ವವೂ ಇದ್ದಿರಬಹುದು. ಆದರೆ ಒಡೆಯನ ಮುಂದೆ ‘ನನಗೆ ಕಟ್ಟುವುದಿಲ್ಲ’ ಎನ್ನುವುದಕ್ಕಿಂತ ‘ನನಗೆ ಬೇಡ’ ಎನ್ನುವುದು ಮಾನವಂತನಿಗೆ ಸುಲಭ.

ನಾವು ಕೊನೆಗೌಡನ ಧೈರ್ಯವನ್ನು ಹೊಗಳುವುದರಲ್ಲಿಯೂ ಇಂಥದೇ ಒಂದು ಮೋಸವಿದೆ ಎಂದು ನನಗೆ ಈಗ ಅನ್ನಿಸುತ್ತದೆ. ಅವನ ಕೌಶಲವನ್ನು ಮೆಚ್ಚುವುದು ತಪ್ಪಲ್ಲ, ಮೆಚ್ಚದವನು ಅರಸಿಕ. ಆದರೆ ಕೌಶಲ ಬೇರೆ, ಅಪಾಯ ಬೇರೆ. ಹಗ್ಗ ಕಟ್ಟಿಕೊಂಡು ಏರಿದರೆ ಅವನ ಕೌಶಲ ಒಂದು ಗುಲಗಂಜಿಯಷ್ಟೂ ಕಡಿಮೆಯಾಗದು. ಕಡಿಮೆಯಾಗುವುದು ನೋಡುವ ನಮ್ಮ ರೋಮಾಂಚ. ಆ ರೋಮಾಂಚಕ್ಕೆ ಹೊಗಳಿಕೆಯ ಬೆಲೆ ಕೊಟ್ಟು ನಾವು ಕೈತೊಳೆದುಕೊಳ್ಳುತ್ತೇವೆ. ಹೊಗಳಿಕೆಗೆ ಖರ್ಚಿಲ್ಲ.

ಕಾವಲಿನಿಂದ ಕೆಲಸ ನಿಧಾನವಾಗುತ್ತದೆ, ಖರ್ಚು ಹೆಚ್ಚುತ್ತದೆ ಎಂಬುದು ನಮ್ಮ ತೋಟಿಗರದೊಂದೇ ದೂರಲ್ಲ. ಎತ್ತರದಲ್ಲಿ ಜನರನ್ನು ದುಡಿಸುವ ಎಲ್ಲರ ದೂರೂ ಅದೇ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 1933ರಿಂದ 1937ರವರೆಗೆ ಗೋಲ್ಡನ್ ಗೇಟ್ ಸೇತುವೆ ಕಟ್ಟುವಾಗ, ಹತ್ತು ಲಕ್ಷ ಡಾಲರಿನ ಕೆಲಸಕ್ಕೆ ಒಂದು ಹೆಣ ಬೀಳುವುದು ಸಹಜವೆಂಬುದು ಅಲ್ಲಿನ ಕಟ್ಟಡದವರ ಬಾಯಿಲೆಕ್ಕವಾಗಿತ್ತು. ಮುಖ್ಯ ಎಂಜಿನಿಯರ್ ಜೋಸೆಫ್ ಸ್ಟ್ರಾಸ್ ಆ ಲೆಕ್ಕವನ್ನು ಒಪ್ಪಲಿಲ್ಲ. 1,30,000 ಡಾಲರಿಗೂ ಮಿಗಿಲಾಗಿ ಖರ್ಚು ಮಾಡಿ ಸೇತುವೆಯ ಅಡಿಗೆ ಬಲೆ ಕಟ್ಟಿಸಿದ. ಹತ್ತೊಂಬತ್ತು ಮಂದಿ ಬಿದ್ದು ಆ ಬಲೆಯಲ್ಲಿ ಉಳಿದುಕೊಂಡರು. ನರಕದ ಅರ್ಧ ದಾರಿಗೆ ಹೋಗಿ ಬಂದವರು ನಾವು ಎಂದು ಅವರು ತಮ್ಮದೊಂದು ಸಂಘಕ್ಕೆ ಹೆಸರಿಟ್ಟುಕೊಂಡರಂತೆ. ಬಲೆಯೂ ಸರ್ವರಕ್ಷಕವಲ್ಲ. 1937ರ ಫೆಬ್ರವರಿ 17ರಂದು ಅಟ್ಟಣಿಗೆಯೊಂದು ಕಳಚಿ ಬಿದ್ದು ಬಲೆಯನ್ನೇ ಹರಿದುಕೊಂಡು ಹೋಯಿತು. ಹತ್ತು ಜನ ಸತ್ತರು. ಬಲೆ ಕಟ್ಟಿಸಿದವನು ಸಾವನ್ನು ಗೆಲ್ಲಲಿಲ್ಲ. ಸಾವು ಲೆಕ್ಕದ ಪುಸ್ತಕದಲ್ಲಿ ಮೊದಲೇ ಬರೆದಿಟ್ಟ ಒಂದು ಬಾಬು ಆಗಬಾರದೆಂದು ಮಾತ್ರ ಅವನು ಹಟ ಹಿಡಿದ. ಮನುಷ್ಯನಿಂದ ಕೇಳಬಹುದಾದದ್ದು ಅಷ್ಟೇ, ಮತ್ತು ಅಷ್ಟನ್ನು ಕೇಳಲೇಬೇಕು.

ನಮ್ಮ ಹಗ್ಗದಲ್ಲಿಯೂ ಕುಂದುಗಳುಂಟು. ಬರಿಯ ಸೊಂಟಪಟ್ಟಿ ಸಾಲದು. ಬಿದ್ದವನ ಭಾರವೆಲ್ಲ ಸೊಂಟದ ಮೇಲೆ ಜಗ್ಗಿದರೆ ಅದೇ ಒಂದು ಪೆಟ್ಟು. ತೊಡೆ, ಭುಜಗಳನ್ನೂ ಸುತ್ತಿ ಭಾರವನ್ನು ಹಂಚುವ ಪಟ್ಟಿ ಬೇಕು. ಅಡಿಕೆ ಮರದಂಥ ನುಣುಪಾದ ಕಂಬಕ್ಕೆ ಸಡಿಲ ಕುಣಿಕೆ ಹಾಕಿದರೆ ಮನುಷ್ಯನ ಜೊತೆಗೆ ಕುಣಿಕೆಯೂ ಜಾರಿ ಬರುತ್ತದೆ. ಭಾರ ಬಿದ್ದೊಡನೆ ಮರವನ್ನು ಬಿಗಿಯುವಂಥದಾಗಿರಬೇಕು. ಇನ್ನು ಮುದಿಮರವೇ ಮುರಿದರೆ ಯಾವ ಹಗ್ಗವೂ ಕಾಯದು. ಯಾವ ಮರಕ್ಕೆ ಏರಬಾರದು, ಯಾವ ಹೊತ್ತಿನಲ್ಲಿ ಏರಬಾರದು ಎಂಬ ವಿವೇಕವೇ ಅಲ್ಲಿ ಹಗ್ಗ. ಆ ವಿವೇಕಕ್ಕೆ ಬೆಲೆ ಕೊಡಬೇಕಾದವನು ಒಡೆಯ. ‘ಇವತ್ತು ಮರ ಜಾರುತ್ತದೆ’ ಎಂದು ಕೊನೆಗೌಡ ಹೇಳಿದ ದಿನ ಅವನ ಕೂಲಿ ಕಡಿದರೆ, ನಾಳೆ ಅವನು ಹಾಗೆ ಹೇಳುವುದಿಲ್ಲ.

ಕಾನೂನು ಏನು ಮಾಡಿದೆ ಎಂದು ಕೇಳಬಹುದು. ಕಾರ್ಮಿಕರ ಪರಿಹಾರಕ್ಕಾಗಿ ಹುಟ್ಟಿದ 1923ರ ಕಾಯಿದೆಯ ಪಟ್ಟಿಯಲ್ಲಿ ಕಾಡಿನ ಮರ ಕಡಿಯುವವನೂ ತಾಳೆ ಜಾತಿಯ ಮರವೇರಿ ರಸ ಇಳಿಸುವವನೂ ಸ್ಥಾನ ಪಡೆದರು. ತೆಂಗು ಅಭಿವೃದ್ಧಿ ಮಂಡಳಿ 2011ರಲ್ಲಿ ಕೇರಳದಲ್ಲಿ ‘ತೆಂಗಿನ ಮರದ ಗೆಳೆಯರು’ ಎಂಬ ಯೋಜನೆ ತೆಗೆದು ತರುಣರಿಗೆ ಯಂತ್ರದಿಂದ ಮರವೇರುವುದನ್ನು ಕಲಿಸಿತು, ವಿಮೆಯನ್ನೂ ಜೋಡಿಸಿತು. ಇವೆಲ್ಲ ಬೇಕು. ಆದರೆ ಪರಿಹಾರ, ವಿಮೆ ಇವು ಬಿದ್ದ ಮೇಲಿನ ಮಾತು. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆಂಬ ಗಾದೆ ನಮ್ಮಲ್ಲೇ ಇದೆಯಲ್ಲ.

ಈಚೆಗೆ ಕಾರ್ಬನ್ ಫೈಬರ್ ದೋಟಿ ಬಂದಿದೆ. ನೆಲದ ಮೇಲೆ ನಿಂತೇ ಕೊನೆ ಕೊಯ್ಯಬಹುದು, ಔಷಧಿಯನ್ನೂ ಹೊಡೆಯಬಹುದು. 2019ರಲ್ಲಿ ಬಂಟ್ವಾಳ ತಾಲ್ಲೂಕಿನ ಸಜಿಪಮೂಡದ ಕೃಷಿಕ ಗಣಪತಿ ಭಟ್ಟರು ಮರವೇರುವ ಮೋಟಾರು ಬಂಡಿಯನ್ನೇ ಮಾಡಿ ತೋರಿಸಿ ನಾಡೆಲ್ಲ ಹೆಸರಾದರು. ಕಂಡು ಸಂತೋಷಪಡಬೇಕಾದದ್ದೇ. ಆದರೆ ನನ್ನ ಸಂತೋಷದ ಜೊತೆಗೆ ಒಂದು ನಾಚಿಕೆಯೂ ಇದೆ. ನಮ್ಮ ತೋಟಿಗರಲ್ಲಿ ಹೆಚ್ಚಿನವರು ದೋಟಿಗೆ ಕೈಹಾಕಿದ್ದು ಕೊನೆಗೌಡರು ಬೀಳುತ್ತಾರೆಂದಲ್ಲ, ಕೊನೆಗೌಡರು ಸಿಗುವುದಿಲ್ಲವೆಂದು. ಮರವೇರುವವರು ಬೇಕಾದಷ್ಟು ಇದ್ದ ಕಾಲದಲ್ಲಿ ನಮ್ಮ ಬುದ್ಧಿ ಓಡಲಿಲ್ಲ. ಅವರ ಮಕ್ಕಳು ಪೇಟೆಯ ದಾರಿ ಹಿಡಿದ ಮೇಲೆ ಓಡಿತು. ಅದೇ ಬುದ್ಧಿಯನ್ನು ಅವರ ಪ್ರಾಣದ ಸಲುವಾಗಿ ನಾವು ಓಡಿಸಬಹುದಾಗಿತ್ತು.

ದೋಟಿಗೆ ಎಟುಕದ ಮರಗಳು ನಮ್ಮ ತೋಟದಲ್ಲಿ ಇನ್ನೂ ಇವೆ. ಅವಕ್ಕೆ ಅವನೇ ಏರಬೇಕು. ನಾನು ಮಾಡಿದ್ದು ದೊಡ್ಡದೇನೂ ಅಲ್ಲ. ಕೊನೆಯ ಲೆಕ್ಕ ಬಿಟ್ಟು ದಿನದ ಲೆಕ್ಕಕ್ಕೆ ಬಂದೆ. ಮೊದಲು ಒಳ್ಳೆಯ ದಿನದಲ್ಲಿ ಅವನಿಗೆ ಸಿಗುತ್ತಿದ್ದಷ್ಟೇ ದಿನಕ್ಕೆ ಗೊತ್ತುಮಾಡಿದೆ. ಮಳೆಗೆ ಕೆಲಸ ನಿಂತರೂ ಕೂಲಿ ನಿಲ್ಲದು ಎಂದೆ. ಮೈತುಂಬ ಸುತ್ತುವ ಪಟ್ಟಿಯನ್ನು ಅವನ ಅಳತೆಗೇ ತರಿಸಿದೆ. ಇದರಿಂದ ನನಗೆ ಕೊಯ್ಲಿನ ಖರ್ಚು ಹೆಚ್ಚೂಕಡಿಮೆ ಎರಡರಷ್ಟಾಯಿತು. ಆಗ ನನಗೆ ಅರ್ಥವಾಯಿತು: ಇಷ್ಟು ವರ್ಷ ನಾನು ಉಳಿಸಿದ್ದೆನೆಂದುಕೊಂಡ ಹಣ ನನ್ನ ಉಳಿತಾಯವಾಗಿರಲಿಲ್ಲ. ಅವನ ಅಪ್ಪನ ಸೊಂಟದ ಮೇಲೆ ಮಾಡಿದ ಸಾಲವಾಗಿತ್ತು.

ಮೊದಲ ದಿನ ಅವನು ಪಟ್ಟಿ ಕಟ್ಟಿಕೊಂಡು ಏರಿದಾಗ ಪಕ್ಕದ ತೋಟದವರು ಬೇಲಿಯಾಚೆ ನಿಂತು ನಕ್ಕರು. ಅವನೂ ನಾಚಿಕೊಂಡ. ಎರಡನೆಯ ಮರಕ್ಕೆ ಕುಣಿಕೆ ಬಿಗಿಯುತ್ತ, ತಲೆ ಎತ್ತದೆಯೇ, “ಅಪ್ಪಂಗೆ ಇದು ಇದ್ದಿದ್ರೆ...” ಎಂದು ಮಾತನ್ನು ಅಷ್ಟಕ್ಕೇ ಬಿಟ್ಟ. ನಾನು ಏನೂ ಹೇಳಲಿಲ್ಲ. ಹೇಳುವಂಥದು ಏನೂ ಇರಲಿಲ್ಲ. ಅವನು ಏರಿದ. ನಾನು ಕೊನೆ ಜಾರುವ ಹಗ್ಗದ ತುದಿಯನ್ನು ಹಿಡಿದು, ಹುಡುಗನಾಗಿದ್ದಾಗ ನಿಲ್ಲುತ್ತಿದ್ದ ಜಾಗದಲ್ಲೇ ಕತ್ತೆತ್ತಿ ನಿಂತೆ.